ಹದಿನಾಲ್ಕು ದಿನದ ಪಥ್ಯ

ತೂಕ ಇಳಿಸುವ ಆಪರೇಷನ್‌ಗೆ ಬರುವವರ ಕೈಗೆ ಹಿಂದೆ ನಾವು ಕೊಡುತ್ತಿದ್ದ ಊಟದ ಚೀಟಿ ಈಗಲೂ ಕಣ್ಣಮುಂದಿದೆ. ಒಂದೇ ಹಾಳೆ, ಎರಡು ಬದಿ. ಒಂದು ಬದಿಯಲ್ಲಿ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಎರಡು ಗಂಟೆಗೊಮ್ಮೆ ಕುಡಿಯಬೇಕಾದ್ದು: ಪ್ರೋಟೀನ್ ಪುಡಿ ಕಲಸಿದ ಕೆನೆ ತೆಗೆದ ಹಾಲು, ಬೇಳೆಕಟ್ಟು, ನೀರುಮಜ್ಜಿಗೆ, ಸೋಸಿದ ತರಕಾರಿ ಸಾರು. ಇನ್ನೊಂದು ಬದಿಯಲ್ಲಿ ಮುಟ್ಟಬಾರದ್ದು: ಅನ್ನ, ಮುದ್ದೆ, ಚಪಾತಿ, ದೋಸೆ, ಬಾಳೆಹಣ್ಣು, ಸಕ್ಕರೆ, ಬೆಲ್ಲ, ಕರಿದ ತಿಂಡಿ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು: ತೂಕ ಇಳಿಯದಿದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಲಾಗುವುದು. ಇಷ್ಟೆಲ್ಲ ಬರೆದ ಹಾಳೆಯಲ್ಲಿ ಲಿವರ್ ಎಂಬ ಮಾತು ಒಂದು ಸಲವೂ ಇರಲಿಲ್ಲ. ಯಾತಕ್ಕಾಗಿ ಹದಿನಾಲ್ಕು ದಿನ ಅನ್ನ ಬಿಡಬೇಕು ಎಂಬುದನ್ನು ಹೇಳದೆ ಬಿಡಲೇಬೇಕು ಎಂಬುದನ್ನಷ್ಟೇ ಹೇಳಿದ ಹಾಳೆ ಅದು. ಇಷ್ಟು ವರ್ಷ ಈ ಕೆಲಸದಲ್ಲಿ ಕಳೆದು ಹಿಂತಿರುಗಿ ನೋಡಿದರೆ, ಪಟ್ಟಿಯಲ್ಲಿದ್ದ ಯಾವ ಆಹಾರಕ್ಕಿಂತಲೂ ಹೆಚ್ಚಾಗಿ, ಪಟ್ಟಿಯಲ್ಲಿ ಇಲ್ಲದಿದ್ದ ಆ ಒಂದು ಮಾತೇ ನಮ್ಮ ದೊಡ್ಡ ಲೋಪ ಅನ್ನಿಸುತ್ತದೆ. ಲಿವರನ್ನು ಸಣ್ಣದು ಮಾಡಲು ಹುಟ್ಟಿದ ಪಥ್ಯವನ್ನು ನಾವು ಮನುಷ್ಯನ ಮನೋಬಲ ಅಳೆಯುವ ಪರೀಕ್ಷೆಯಾಗಿ ಮಾಡಿಬಿಟ್ಟೆವು. ಅದರಿಂದ ಆದ ಹಾನಿ ಸಣ್ಣದಲ್ಲ.

ಹೊಟ್ಟೆಯೊಳಗಿನ ಜಾಗದ ಲೆಕ್ಕವನ್ನು ಮೊದಲು ಹೇಳಬೇಕು. ಅನ್ನನಾಳ ಬಂದು ಜಠರವನ್ನು ಸೇರುವ ಮೂಲೆಯ ಮೇಲೆ ಲಿವರಿನ ಎಡ ಹಾಲೆ ಹೊದಿಕೆಯಂತೆ ಮಲಗಿರುತ್ತದೆ. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಪಾಲನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ ಅದಕ್ಕೆ ಸಣ್ಣಕರುಳನ್ನು ಜೋಡಿಸುತ್ತಾರೆ. ಎರಡರಲ್ಲೂ ಸ್ಟೇಪ್ಲರ್ ಕೊನೆಗೆ ಹೋಗಿ ಮುಟ್ಟಬೇಕಾದ್ದು ಆ ಮೂಲೆಯನ್ನೇ. ಸ್ಲೀವ್‌ನಲ್ಲಿ ಪಿನ್ನಿನ ಸಾಲು ಸೋರಿದರೆ ಹೆಚ್ಚಾಗಿ ಸೋರುವುದೂ ಅಲ್ಲೇ, ಮೇಲ್ತುದಿಯಲ್ಲಿ. 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಗ್ಯಾಸ್ಟ್ರಿಕ್ ಬೈಪಾಸ್ ಶುರುಮಾಡಿದ ಕಾಲದಲ್ಲಿ ಹೊಟ್ಟೆಯನ್ನು ಅಗಲವಾಗಿ ತೆರೆಯುತ್ತಿದ್ದರು. ಲಿವರ್ ಅಡ್ಡ ಬಂದರೆ ಕೈಯಿಂದ ಸರಿಸುತ್ತಿದ್ದರು. 1994ರಲ್ಲಿ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಅದೇ ಬೈಪಾಸನ್ನು ಲ್ಯಾಪ್ರೊಸ್ಕೋಪಿಯಲ್ಲಿ ಮಾಡಿದ್ದನ್ನು ಪ್ರಕಟಿಸಿದ ಮೇಲೆ ಕೈಯ ಜಾಗಕ್ಕೆ ಕೆಲವು ಸಣ್ಣ ತೂತು, ಒಂದು ಕ್ಯಾಮೆರಾ, ಲಿವರನ್ನು ಎತ್ತಿಹಿಡಿಯಲು ಬಗ್ಗಿಸಿದ ಒಂದು ಉಕ್ಕಿನ ಸರಳು ಬಂದವು. ಆರೋಗ್ಯವಂತ ಲಿವರಿನ ಅಂಚು ಚೂಪಾಗಿ, ಬಣ್ಣ ಕಂದುಗೆಂಪಾಗಿ, ಸರಳಿನ ಮೇಲೆ ಹಗುರವಾಗಿ ಏಳುತ್ತದೆ. ಕೊಬ್ಬು ತುಂಬಿದ ಲಿವರ್ ಹಳದಿಗೆ ತಿರುಗಿ, ಅಂಚು ಗುಂಡಗಾಗಿ, ಎತ್ತಿದರೆ ಭಾರವಾಗಿ ಕುಸಿಯುತ್ತದೆ. ಸ್ವಲ್ಪ ಒತ್ತಿದರೂ ಬಿರುಕು ಬಿಟ್ಟು ರಕ್ತ ಜಿನುಗುತ್ತದೆ. ಸರ್ಜನ್‌ಗೆ ಆ ಮೂಲೆ ಕಾಣದಿದ್ದರೆ ಆಪರೇಷನ್ ಕಷ್ಟವಾಗುತ್ತದೆ. ತೀರಾ ಕೆಟ್ಟ ಸಂದರ್ಭದಲ್ಲಿ ಹೊಟ್ಟೆಯನ್ನು ದೊಡ್ಡದಾಗಿ ತೆರೆಯಬೇಕಾಗುತ್ತದೆ, ಇಲ್ಲವೇ ಕೆಲಸ ಅಲ್ಲಿಗೇ ನಿಲ್ಲಿಸಿ ಹೊರಬರಬೇಕಾಗುತ್ತದೆ. ಹದಿನಾಲ್ಕು ದಿನದ ಪಥ್ಯ ಹುಟ್ಟಿದ್ದು ಈ ಸರಳಿನ ತುದಿಯಲ್ಲಿ.

ಎರಡು ವಾರದಲ್ಲಿ ಲಿವರ್ ಸಣ್ಣದಾಗುತ್ತದೆಯೇ? ಆಗುತ್ತದೆ. ಲಿವರ್ ನಮ್ಮ ದೇಹದ ಹಗೇವು. ಅನ್ನದಿಂದ, ರಾಗಿಯಿಂದ, ಸಕ್ಕರೆಯಿಂದ ಬಂದ ಗ್ಲೂಕೋಸನ್ನು ಗ್ಲೈಕೋಜನ್ ಮಾಡಿ ಸುಮಾರು 100 ಗ್ರಾಂನಷ್ಟು ತನ್ನಲ್ಲಿ ತುಂಬಿಕೊಳ್ಳುತ್ತದೆ. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆಗೆ ಮೂರು ಗ್ರಾಂನಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಿಷ್ಟ ಬರುವುದು ನಿಂತರೆ ಮೊದಲ ಎರಡು ದಿನದಲ್ಲೇ ಈ ದಾಸ್ತಾನು ಖರ್ಚಾಗಿ, ನೀರೂ ಹೊರಟುಹೋಗುತ್ತದೆ. ಆಮೇಲೆ ಲಿವರ್ ತನ್ನಲ್ಲಿ ಕೂಡಿಟ್ಟ ಕೊಬ್ಬಿಗೆ ಕೈಹಾಕುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕೋಲ್ಸ್, ಡಿಕ್ಸನ್, ಒಬ್ರಿಯನ್ ಮತ್ತು ಸಂಗಡಿಗರು 32 ಮಂದಿಗೆ ಹನ್ನೆರಡು ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು, ನಡುನಡುವೆ ಸ್ಕ್ಯಾನ್ ಮಾಡಿ ಲಿವರನ್ನು ಅಳೆದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಲಿವರ್ ಸರಾಸರಿ ಶೇ 18.7ರಷ್ಟು ಕುಗ್ಗಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿ, ಆ ಕುಗ್ಗುವಿಕೆಯಲ್ಲಿ ಶೇ 80ರಷ್ಟು ಮೊದಲ ಎರಡೇ ವಾರದಲ್ಲಿ ಆಗಿತ್ತು. ಹದಿನಾಲ್ಕು ದಿನ ಎಂಬ ಲೆಕ್ಕಕ್ಕೆ ಬಲ ಬಂದದ್ದು ಹೀಗೆ. ಇದು ತಿಂಗಳುಗಟ್ಟಲೆ ಎಳೆಯಬೇಕಾದ ಕೆಲಸವಲ್ಲ ಎಂಬುದನ್ನೂ ಅದೇ ಅಂಕಿ ಹೇಳುತ್ತದೆ.

ಲಿವರ್ ಸಣ್ಣದಾದದ್ದರಿಂದ ರೋಗಿಗೆ ಏನು ಸಿಕ್ಕಿತು ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. ಸ್ಕ್ಯಾನಿನಲ್ಲಿ ಚೆಂದ ಕಂಡದ್ದು ಆಪರೇಷನ್ ಟೇಬಲ್ಲಿನ ಮೇಲೆ ಉಪಯೋಗಕ್ಕೆ ಬರಲೇಬೇಕೆಂದಿಲ್ಲ. ಇದನ್ನು ನೇರವಾಗಿ ಪರೀಕ್ಷಿಸಿದ ದೊಡ್ಡ ಪ್ರಯೋಗ ವಾನ್ ನ್ಯೂವೆನ್‌ಹೋವ್ ಮತ್ತು ಸಂಗಡಿಗರದ್ದು, 2011ರಲ್ಲಿ ಬಂದದ್ದು. ಗ್ಯಾಸ್ಟ್ರಿಕ್ ಬೈಪಾಸ್‌ಗೆ ಕಾದಿದ್ದ ಸುಮಾರು 300 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವಾರ ದಿನಕ್ಕೆ 800 ಕ್ಯಾಲೊರಿ ಕೊಟ್ಟರು. ಇನ್ನೊಂದು ಗುಂಪು ಎಂದಿನಂತೆ ಉಂಡಿತು. ಆಪರೇಷನ್‌ಗೆ ಹಿಡಿದ ಸಮಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡಬಾರದು. ಪಥ್ಯದ ಪರ ಮಾತಾಡುವವರು ಈ ಸಾಲನ್ನು ದಾಟಿಸಿ ಓದುವುದನ್ನು ನಾನು ಒಪ್ಪುವುದಿಲ್ಲ. ಆದರೆ ಪಥ್ಯ ಮಾಡಿದವರ ಆಪರೇಷನ್ ಸಲೀಸಾಗಿತ್ತು ಎಂದು ಸರ್ಜನ್‌ಗಳು ಗುರುತಿಸಿದರು. ಮೂವತ್ತು ದಿನದೊಳಗೆ ತೊಂದರೆ ಕಂಡುಬಂದವರ ಸಂಖ್ಯೆ ಪಥ್ಯದ ಗುಂಪಿನಲ್ಲಿ 8, ಇನ್ನೊಂದರಲ್ಲಿ 18. ಒಂದೇ ಪ್ರಯೋಗದ ಅಂಕಿಯನ್ನು ಶಾಸನ ಮಾಡಿಕೊಳ್ಳುವಂತಿಲ್ಲ. ಪಥ್ಯದಿಂದ ಸಾವು ತಪ್ಪಿತು ಎಂದು ಹೇಳಲೂ ಆಗದು. ಈ ಆಪರೇಷನ್‌ನಲ್ಲಿ ಸಾವೇ ಅಪರೂಪ. ಅಮೆರಿಕದಲ್ಲಿ 4,776 ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ಮೂವತ್ತು ದಿನದ ಸಾವು ಶೇ 0.3ರಷ್ಟಿತ್ತು. ಹೀಗಾಗಿ ನಾನು ಹೇಳುವುದು ಇಷ್ಟು: ಎರಡು ವಾರದ ಪಥ್ಯ ಸಣ್ಣ ಉಪಕಾರ, ಆದರೆ ನಿಜವಾದ ಉಪಕಾರ. ಸಣ್ಣ ಉಪಕಾರಕ್ಕೆ ದೊಡ್ಡ ಶಿಕ್ಷೆಯ ರೂಪ ಕೊಟ್ಟದ್ದು ಸರಿಯಲ್ಲ.

ಇಲ್ಲಿ ನಮ್ಮ ಭಾಷೆಯಲ್ಲೇ ಇರುವ ಎರಡು ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು: ವ್ರತ ಮತ್ತು ಪಥ್ಯ. ವ್ರತ ಹಿಡಿಯುವುದು ಪುಣ್ಯಕ್ಕೆ. ಅದು ಮುರಿದರೆ ದೋಷ, ಮುರಿದದ್ದನ್ನು ಯಾರಿಗೂ ಹೇಳಿಕೊಳ್ಳಲು ಮನಸ್ಸಾಗುವುದಿಲ್ಲ. ಪಥ್ಯ ಹಾಗಲ್ಲ. ಅದು ಔಷಧಿಗೆ ಅಂಟಿಕೊಂಡು ಬರುತ್ತದೆ, ಇಂತಿಷ್ಟು ದಿನ ಎಂಬ ಗಡುವು ಇರುತ್ತದೆ, ಮುರಿದರೆ ಮದ್ದು ಕೊಟ್ಟವರಿಗೆ ಹೇಳಲೇಬೇಕು. ಬಾಣಂತಿ ಪಥ್ಯ, ಕಾಮಾಲೆಯ ಪಥ್ಯ ಎಲ್ಲವೂ ಹೀಗೇ. ಕಾಮಾಲೆ ಬಂದವರಿಗೆ ಎಣ್ಣೆ, ಜಿಡ್ಡು ನಿಲ್ಲಿಸಿ ಮಜ್ಜಿಗೆ ಅನ್ನ ಹಾಕಿದ ಮನೆಗಳಿಗೆ ಲಿವರಿಗಾಗಿ ಊಟ ಬದಲಿಸುವುದೆಂದರೇನು ಎಂದು ಹೊಸದಾಗಿ ಕಲಿಸಬೇಕಿಲ್ಲ. ಆ ಮನೆಯಲ್ಲಿ ಕಾಮಾಲೆಯವನನ್ನು ಯಾರೂ ಬಾಯಿಚಪಲದವನು ಎಂದು ಬಯ್ಯುವುದಿಲ್ಲ. ನಾವು ಮಾತ್ರ ಕೈಗೆ ಸಿಕ್ಕ ಈ ಹಳೆಯ, ಹದವಾದ ಮಾತನ್ನು ಬಿಟ್ಟು ಡಯಟ್ ಎಂದೆವು. ಡಯಟ್ ಎಂದಕೂಡಲೇ ದಪ್ಪಗಿರುವವರ ಕಿವಿಯಲ್ಲಿ ಹತ್ತಿಪ್ಪತ್ತು ವರ್ಷದ ಬೈಗುಳ ಮರುಕಳಿಸುತ್ತದೆ, ಈ ಸಲವೂ ಸೋಲುತ್ತೇನೆಯೇ ಎಂಬ ಅಂಜಿಕೆ ಮೊದಲು ಬರುತ್ತದೆ. ಆಪರೇಷನ್ ದಿನ ಗೊತ್ತಾದ ಮೇಲೆ ಪಥ್ಯ ಶುರುವಾಗುವ ಮುನ್ನ ಬಿರಿಯಾನಿ, ಹೋಳಿಗೆ, ಬೋಂಡಾ ಎಂದು ಕೊನೆಯ ಸಲದ ಊಟಗಳು ಸಾಲುಗಟ್ಟಿ ನಡೆಯುವುದನ್ನು ಕಂಡಿದ್ದೇವೆ. ವ್ರತಕ್ಕೆ ಮೊದಲು ಹೊಟ್ಟೆ ತುಂಬಿಸಿಕೊಳ್ಳುವ ಮನಸ್ಸೇ ಅದು.

ವ್ರತದ ಮನಸ್ಸು ಇನ್ನೊಂದು ಗೊಂದಲವನ್ನೂ ತರುತ್ತದೆ. ನಮ್ಮಲ್ಲಿ ಉಪವಾಸ ಎಂದರೆ ಅನ್ನ ಬಿಡುವುದು, ಅವಲಕ್ಕಿ ಸಬ್ಬಕ್ಕಿ ತಿನ್ನುವುದು. ಲಿವರಿನ ಲೆಕ್ಕದಲ್ಲಿ ಸಬ್ಬಕ್ಕಿ ಅನ್ನಕ್ಕಿಂತ ಕಡೆ. ಅದು ಹೆಚ್ಚುಕಡಿಮೆ ಬರೀ ಪಿಷ್ಟ. ಚೀಟಿಯಲ್ಲಿ ‘ದ್ರವ ಆಹಾರ’ ಎಂದು ಬರೆದರೆ ರಾಗಿ ಅಂಬಲಿ ಲೋಟಕ್ಕೆ ಬರುತ್ತದೆ, ಏಕೆಂದರೆ ಅಂಬಲಿ ಕುಡಿಯುವಂಥದ್ದು, ತಂಪು, ಒಳ್ಳೆಯದು. ಆದರೆ 50 ಗ್ರಾಂ ರಾಗಿ ಹಿಟ್ಟಿನ ಅಂಬಲಿಯಲ್ಲಿ ಸುಮಾರು 160 ಕ್ಯಾಲೊರಿ, 33 ಗ್ರಾಂ ಪಿಷ್ಟ ಇದ್ದು, ಪ್ರೋಟೀನ್ ಮೂರೂವರೆ ಗ್ರಾಂ ಮಾತ್ರ. ಲೋಟದಲ್ಲಿದ್ದರೂ ಅದು ಮುದ್ದೆಯೇ. ನೀರಾಗಿರುವುದು ಮುಖ್ಯವಲ್ಲ, ಹಗೇವಿಗೆ ಹೊಸ ದಾಸ್ತಾನು ಇಳಿಯದಿರುವುದು ಮುಖ್ಯ ಎಂದು ಒಂದೇ ವಾಕ್ಯದಲ್ಲಿ ಹೇಳಿದ್ದರೆ ಅಂಬಲಿಯ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಕಾಫಿಯ ಲೆಕ್ಕವೂ ಹಾಗೆಯೇ. ಒಂದು ಲೋಟಕ್ಕೆ ಎರಡು ಚಮಚ, ಅಂದರೆ 10 ಗ್ರಾಂ ಸಕ್ಕರೆ 40 ಕ್ಯಾಲೊರಿ. ದಿನಕ್ಕೆ ನಾಲ್ಕು ಲೋಟ ಕುಡಿಯುವ ಮನೆಯಲ್ಲಿ ಹಾಲಿನ ಲೆಕ್ಕ ಬಿಟ್ಟೇ 160 ಆಯಿತು; ಪಥ್ಯದ ಎಂಟುನೂರು ಕ್ಯಾಲೊರಿಯಲ್ಲಿ ಐದನೇ ಒಂದು ಪಾಲು. ಕಾಫಿ ಬಿಡಿ ಎನ್ನುವುದಕ್ಕಿಂತ ಸಕ್ಕರೆ ಇಲ್ಲದೆ ಕುಡಿಯಿರಿ ಎಂದರೆ ಸಾಕು. ಅದೂ ಕೆಲವು ದಿನದಲ್ಲಿ ರೂಢಿಯಾಗುತ್ತದೆ.

ಪ್ರೋಟೀನ್ ಪುಡಿಯ ಬಗ್ಗೆ ಬರುವ ಆಕ್ಷೇಪಕ್ಕೂ ಲೆಕ್ಕದಲ್ಲೇ ಉತ್ತರವಿದೆ. ಡಬ್ಬಿಯ ಪುಡಿ ಯಾಕೆ, ನಮ್ಮ ಹೆಸರುಬೇಳೆ ಸಾಲದೇ ಎಂದು ಕೇಳುತ್ತಾರೆ. ಕೇಳಬೇಕಾದ್ದೇ, ಪುಡಿ ದುಬಾರಿ, ರುಚಿಯೂ ಅಷ್ಟಕ್ಕಷ್ಟೆ. ಕ್ಯಾಲೊರಿ ಇಳಿದಾಗ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳದಂತೆ ತಡೆಯಲು ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಆಪರೇಷನ್ ಆದ ಮೇಲೆ ಗಾಯ ಮಾಯಲಿಕ್ಕೂ ಅದೇ ಬಂಡವಾಳ. ಹೆಸರುಬೇಳೆಯಲ್ಲಿ 100 ಗ್ರಾಂಗೆ ಸುಮಾರು 24 ಗ್ರಾಂ ಪ್ರೋಟೀನ್. ಅರವತ್ತು ಗ್ರಾಂ ಅದರಿಂದಲೇ ಬರಬೇಕಾದರೆ ಕಾಲು ಕೆಜಿ ಬೇಳೆ ಬೇಯಿಸಬೇಕು. ಅಷ್ಟರಲ್ಲಿ 850 ಕ್ಯಾಲೊರಿ ದಾಟಿತು, ಜೊತೆಗೆ ನೂರೈವತ್ತು ಗ್ರಾಂನಷ್ಟು ಪಿಷ್ಟ ಒಳಗೆ ಹೋಯಿತು. ಬಸಿದ ತಿಳಿಕಟ್ಟಿನಲ್ಲಿ ಬೇಳೆಯ ಪರಿಮಳ ಇರುತ್ತದೆಯೇ ಹೊರತು ಪ್ರೋಟೀನಿನ ಬಹುಪಾಲು ಪಾತ್ರೆಯ ತಳದ ಬೇಳೆಯಲ್ಲೇ ಉಳಿದಿರುತ್ತದೆ. ಮೊಟ್ಟೆ ತಿನ್ನುವವರಿಗೆ ದಾರಿ ಸ್ವಲ್ಪ ಸುಲಭ; ಒಂದು ಬಿಳಿಯಲ್ಲಿ ಮೂರೂವರೆ ಗ್ರಾಂ ಪ್ರೋಟೀನ್, ಹದಿನೇಳು ಕ್ಯಾಲೊರಿ. ಇಂಗ್ಲೆಂಡಿನ ಕೆಲವು ಆಸ್ಪತ್ರೆಗಳು ಪುಡಿಯ ಬದಲು ಬರೀ ಹಾಲಿನ ಪಥ್ಯವನ್ನೇ ಹೇಳುತ್ತವೆ. ಕೆನೆ ಪೂರ್ತಿ ತೆಗೆದ ಹಾಲು ದಿನಕ್ಕೆ 1.8 ಲೀಟರ್ ಕುಡಿದರೆ 60 ಗ್ರಾಂ ಪ್ರೋಟೀನ್ 630 ಕ್ಯಾಲೊರಿಯ ಒಳಗೇ ಸಿಗುತ್ತದೆ. ಹಾಲು ಒಗ್ಗುವವರಿಗೆ ಇದು ಅಗ್ಗದ, ಗೌರವದ ದಾರಿ. ನಮ್ಮ ಕಡೆ ಇದನ್ನು ಹೆಚ್ಚು ಹೇಳದಿರುವುದು ನನಗೆ ಬೇಸರದ ಸಂಗತಿ. ಯಾವುದಾದರೂ ಪುಡಿ ಆದೀತು ಎನ್ನುವಂತೆಯೂ ಇಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ದನದ ಚರ್ಮ, ಮೂಳೆಗಳಿಂದ ತೆಗೆದ ಕಾಲಜನ್‌ನ ದ್ರವ ಪ್ರೋಟೀನ್ ಕುಡಿದು ತೂಕ ಇಳಿಸುವ ಹುಚ್ಚು ಹಬ್ಬಿ, ಹತ್ತಾರು ಜನ ಹೃದಯದ ಲಯ ತಪ್ಪಿ ಸತ್ತರು. ಪೊಟ್ಯಾಸಿಯಂ ಮೊದಲಾದ ಲವಣ, ವಿಟಮಿನ್ ಸರಿಯಾಗಿ ಸೇರಿರುವ ಪೂರ್ಣ ಆಹಾರ, ವೈದ್ಯರ ಕಣ್ಗಾವಲು, ಎರಡು ವಾರದ ಗಡುವು, ಈ ಮೂರೂ ಇದ್ದರೆ ಮಾತ್ರ ಇಂದಿನ ಪಥ್ಯ ಸುರಕ್ಷಿತ.

ಈಗ ಎಲ್ಲಕ್ಕಿಂತ ಗಂಭೀರವಾದ ಸಂಗತಿಗೆ ಬರುತ್ತೇನೆ. ಈ ಆಪರೇಷನ್‌ಗೆ ಬರುವವರಲ್ಲಿ ಸಕ್ಕರೆ ಕಾಯಿಲೆಯವರು ಬಹಳ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ರಾಯ್ ಟೇಲರ್ ತಂಡ 2011ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿತು. ಬೈಪಾಸ್ ಆದವರಿಗೆ ತೂಕ ಇಳಿಯುವ ಮೊದಲೇ, ಕೆಲವೇ ದಿನದಲ್ಲಿ ಸಕ್ಕರೆ ಹತೋಟಿಗೆ ಬರುವುದು ಯಾಕೆ, ಅವರು ಏನೂ ತಿನ್ನದಿರುವುದೇ ಕಾರಣವೇ ಎಂದು ತಿಳಿಯಲು 11 ಮಂದಿಗೆ ದಿನಕ್ಕೆ 600 ಕ್ಯಾಲೊರಿ ಕೊಟ್ಟು ನೋಡಿದರು. ಒಂದೇ ವಾರದಲ್ಲಿ ಅವರ ಖಾಲಿ ಹೊಟ್ಟೆಯ ಸಕ್ಕರೆ ಸಹಜ ಮಟ್ಟಕ್ಕೆ ಬಂತು, ಲಿವರಿನ ಕೊಬ್ಬು ಶೇ 30ರಷ್ಟು ಇಳಿಯಿತು. ಇದು ಸಂತೋಷದ ಸುದ್ದಿ. ಇದರ ಇನ್ನೊಂದು ಮುಖ ಅಪಾಯದ್ದು. ಊಟ ದಿನಕ್ಕೆ ಎಂಟುನೂರು ಕ್ಯಾಲೊರಿಗೆ ಇಳಿದು, ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ಹಿಂದಿನ ಪ್ರಮಾಣದಲ್ಲೇ ಮುಂದುವರಿದರೆ ಸಕ್ಕರೆ ಪಾತಾಳಕ್ಕೆ ಇಳಿದು ಬೆವರಿ, ನಡುಗಿ, ಪ್ರಜ್ಞೆ ತಪ್ಪಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳ ಅಪಾಯ ಇನ್ನೂ ಸೂಕ್ಷ್ಮ. ಪಿಷ್ಟವಿಲ್ಲದ ಊಟದ ಜೊತೆ ಅವು ಸೇರಿದರೆ ರಕ್ತದಲ್ಲಿ ಕೀಟೋನ್ ಆಮ್ಲ ಏರುತ್ತದೆ, ಆದರೆ ಮೀಟರಿನಲ್ಲಿ ಸಕ್ಕರೆ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ. ವಾಂತಿ, ಸುಸ್ತು, ಏದುಸಿರು ಬಂದರೂ ಪಥ್ಯದ ಸುಸ್ತೆಂದು ಮನೆಯವರು ಸುಮ್ಮನಾಗುತ್ತಾರೆ. ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2020ರಲ್ಲಿ ಈ ಮಾತ್ರೆಗಳನ್ನು ಆಪರೇಷನ್‌ಗೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಲು ಹೇಳಿದ್ದು ಇದೇ ಭಯಕ್ಕೆ. ಪಥ್ಯವೇ ಎರಡು ವಾರ ಮೊದಲು ಶುರುವಾಗುವಾಗ ಮಾತ್ರೆಯ ಮಾತೂ ಆ ದಿನವೇ ಆಗಬೇಕು. ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ತೆಗೆದುಕೊಳ್ಳುವವರ ಜಠರ ನಿಧಾನವಾಗಿ ಖಾಲಿಯಾಗುತ್ತದೆ. ಅರಿವಳಿಕೆ ಕೊಡುವವರಿಗೆ ಅದು ತಿಳಿದಿರಲೇಬೇಕು. ಇಷ್ಟೆಲ್ಲ ತಿದ್ದುಪಡಿ ನಿಂತಿರುವುದು ಒಂದೇ ಆಧಾರದ ಮೇಲೆ: ರೋಗಿ ಏನು ತಿಂದೆ, ಏನು ಬಿಟ್ಟೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು.

ಪರೀಕ್ಷೆಯ ಹಾಳೆ ಕೊಟ್ಟು ನಾವು ಕೆಡಿಸಿದ್ದು ಈ ನಿಜವನ್ನೇ. ಸೋತರೆ ಆಪರೇಷನ್ ಮುಂದಕ್ಕೆ ಎಂದು ದಪ್ಪಕ್ಷರದಲ್ಲಿ ಬರೆದ ಮೇಲೆ, ಐದನೇ ದಿನ ಮದುವೆಮನೆಯಲ್ಲಿ ಎರಡು ತುತ್ತು ಅನ್ನ ಉಂಡವರು ಬಾಯಿ ಬಿಡುವುದಿಲ್ಲ. ಎರಡು ತುತ್ತಿನಿಂದ ಲಿವರಿಗೆ ಆಗುವ ನಷ್ಟ ಅಲ್ಪ, ಮರುದಿನ ಸರಿಹೋಗುವಂಥದ್ದು. ಮುಚ್ಚಿಟ್ಟದ್ದರಿಂದ ಆಗುವ ನಷ್ಟ ದೊಡ್ಡದು, ಏಕೆಂದರೆ ಮಾತ್ರೆಯ ಪ್ರಮಾಣವನ್ನು ವೈದ್ಯರು ಇಳಿಸಿರುವುದು ಅವರು ಉಣ್ಣುತ್ತಿಲ್ಲ ಎಂಬ ನಂಬಿಕೆಯ ಮೇಲೆ. ಇದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು: ಈ ಸುಳ್ಳಿನ ಅಭ್ಯಾಸ ಆಪರೇಷನ್ ಮುಗಿದ ಮೇಲೂ ಬಿಡುವುದಿಲ್ಲ. ಬಿ12, ಕಬ್ಬಿಣ, ಥಯಾಮಿನ್ ಮಾತ್ರೆ ತಪ್ಪಿಸಿದ್ದನ್ನು, ವಾಂತಿ ಆಗುತ್ತಿರುವುದನ್ನು, ಸಿಹಿಯ ಕಡೆ ಮನಸ್ಸು ತಿರುಗಿದ್ದನ್ನು ಹೇಳಿಕೊಳ್ಳಲು ಬರಬೇಕಾದ ಜಾಗಕ್ಕೇ ಜನ ಬರದೆ ಹೋಗುತ್ತಾರೆ. ಹದಿನಾಲ್ಕು ದಿನದಲ್ಲಿ ಕಟ್ಟಬೇಕಾದ್ದು ಜೀವನಪೂರ್ತಿ ನಡೆಯುವ ನಂಟು, ಅದನ್ನು ನಾವು ಭಯದ ಮೇಲೆ ಕಟ್ಟಲು ಹೋದೆವು.

ಎರಡು ವಾರ ಇಷ್ಟು ಕಟ್ಟುನಿಟ್ಟಾಗಿ ಇರಬಲ್ಲವರಿಗೆ ಆಪರೇಷನ್ ಯಾಕೆ, ಹೀಗೇ ಮುಂದುವರಿದರೆ ಸಾಲದೇ ಎಂಬ ಮಾತು ಎಲ್ಲ ಮನೆಯಲ್ಲೂ ಏಳುತ್ತದೆ. ತೂಕದ ಮುಳ್ಳು ನಾಲ್ಕೈದು ಕೆಜಿ ಇಳಿದದ್ದು ಕಂಡಾಗಲಂತೂ ರೋಗಿಯ ಮನಸ್ಸಿನಲ್ಲೇ ಏಳುತ್ತದೆ. ಇದಕ್ಕೆ ಉತ್ತರವೂ ಮೆಲ್ಬರ್ನ್‌ನಿಂದಲೇ ಬಂದಿದೆ. ಪ್ರಿಯಾ ಸುಮಿತ್ರನ್ ಮತ್ತು ಸಂಗಡಿಗರು 50 ಜನಕ್ಕೆ ಹತ್ತು ವಾರ ಅತಿ ಕಡಿಮೆ ಕ್ಯಾಲೊರಿ ಕೊಟ್ಟು ತೂಕ ಇಳಿಸಿ, ಒಂದು ವರ್ಷ ಕಳೆದ ಮೇಲೂ ಅವರ ರಕ್ತದ ಹಾರ್ಮೋನ್‌ಗಳನ್ನು ಅಳೆದರು. ಹಸಿವು ಹುಟ್ಟಿಸುವ ಗ್ರೆಲಿನ್ ಏರಿಯೇ ಇತ್ತು, ಸಾಕು ಎನ್ನಿಸುವ ಹಾರ್ಮೋನ್‌ಗಳು ತಗ್ಗಿಯೇ ಇದ್ದವು. 2011ರಲ್ಲಿ ಇದು ಪ್ರಕಟವಾಯಿತು. ಅಮೆರಿಕದ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರ 14 ಸ್ಪರ್ಧಿಗಳನ್ನು ಆರು ವರ್ಷದ ನಂತರ ಪರೀಕ್ಷಿಸಿ 2016ರಲ್ಲಿ ಬರೆದವರು, ಅವರ ದೇಹ ವಿಶ್ರಾಂತಿಯಲ್ಲಿ ಸುಡುವ ಶಕ್ತಿ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇರುವುದನ್ನು ಕಂಡರು. ಹದಿನಾಲ್ಕು ದಿನ ಉಸಿರು ಬಿಗಿಹಿಡಿದು ಬಾವಿಯ ತಳ ಮುಟ್ಟಿ ಬರುವುದು ಬೇರೆ, ಅಲ್ಲೇ ಬದುಕುವುದು ಬೇರೆ. ಆಪರೇಷನ್ ಮಾಡುವುದೇ ಈ ಹಸಿವಿನ ಸಂಜ್ಞೆಯನ್ನು ಬದಲಿಸುವ ಕೆಲಸ. ಸ್ವೀಡನ್ನಿನಲ್ಲಿ 1987ರಿಂದ ನಡೆದ ದೀರ್ಘ ಅಧ್ಯಯನ ಎರಡು ಸಾವಿರಕ್ಕೂ ಮೇಲ್ಪಟ್ಟು ಆಪರೇಷನ್ ಆದವರನ್ನು ಆಗದವರ ಜೊತೆ ಹೋಲಿಸಿ, ಆಪರೇಷನ್ ಆದವರಲ್ಲಿ ಸಾವು ಕಡಿಮೆ ಎಂದು 2007ರಲ್ಲಿ ತೋರಿಸಿತು. ಪಥ್ಯ ಆ ಬಾಗಿಲಿನವರೆಗೆ ಕರೆದೊಯ್ಯುವ ಹಾದಿ. ಅದನ್ನು ಬಾಗಿಲಿಗೆ ಬದಲಿ ಮಾಡಲಾಗದು.

ಭಯ ತೆಗೆದರೆ ಯಾರೂ ಪಥ್ಯ ಮಾಡುವುದಿಲ್ಲ, ಶಿಸ್ತು ಇಲ್ಲದವರನ್ನು ಈಗಲೇ ಗುರುತಿಸುವುದು ಒಳ್ಳೆಯದು ಎನ್ನುವವರು ನಮ್ಮ ಕಸುಬಿನಲ್ಲಿ ಈಗಲೂ ಇದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆಪರೇಷನ್ ಆದ ಮೇಲೆ ಊಟದ ರೀತಿ ಬದಲಾಗದಿದ್ದರೆ ಕಷ್ಟವೇ. ಆದರೆ ಎರಡು ವಾರ ಹಾಲು ಪುಡಿ ಕುಡಿದದ್ದರಿಂದ ಮುಂದಿನ ಇಪ್ಪತ್ತು ವರ್ಷದ ನಡತೆಯನ್ನು ಓದುವುದು ಹೇಗೆ? ಅಮೆರಿಕದಲ್ಲಿ ವಿಮಾ ಕಂಪನಿಗಳು ಮೂರು ತಿಂಗಳು, ಆರು ತಿಂಗಳು ಮೇಲ್ವಿಚಾರಣೆಯ ಡಯಟ್ ಮಾಡಿ ತೋರಿಸಿದರೆ ಮಾತ್ರ ಹಣ ಎಂಬ ಷರತ್ತು ಹಾಕುತ್ತಿದ್ದವು. ಅಲ್ಲಿನ ಬೇರಿಯಾಟ್ರಿಕ್, ಅಂದರೆ ತೂಕ ಇಳಿಸುವ ಆಪರೇಷನ್ ಮಾಡುವ, ಸರ್ಜನ್‌ಗಳ ಸಂಘವೇ 2016ರಲ್ಲಿ ಇದನ್ನು ಖಂಡಿಸಿ, ಇಂಥ ಷರತ್ತಿಗೆ ವೈಜ್ಞಾನಿಕ ಆಧಾರವಿಲ್ಲ, ಇದು ತಾರತಮ್ಯ, ಇದರಿಂದ ಜನ ಚಿಕಿತ್ಸೆಯನ್ನೇ ಬಿಟ್ಟು ಹೋಗುತ್ತಾರೆ ಎಂದು ಬರೆಯಿತು. ನಮ್ಮಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಒಪ್ಪಿದ ಷರತ್ತುಗಳಲ್ಲಿ, ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 40 ಅಥವಾ ಹೆಚ್ಚಿರಬೇಕು, ಇಲ್ಲವೇ 35 ಅಥವಾ ಹೆಚ್ಚಿದ್ದು ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಲ್ಲುವುದು), ಹತೋಟಿಗೆ ಬಾರದ ಸಕ್ಕರೆಯಂಥ ತೊಂದರೆ ಇದ್ದು, ಸುಲಭದ ದಾರಿಗಳು ಸೋತಿರಬೇಕು ಎಂದಿದೆ. ಅಂದರೆ ವಿಮೆಯ ಮೇಜಿನ ಮುಂದೆ ಡಯಟ್ ಮಾಡಿ ಸೋತಿದ್ದೇನೆ ಎಂದು ರುಜುವಾತು ಮಾಡಬೇಕು, ಅಲ್ಲಿಂದ ಎದ್ದು ಬಂದು ನಮ್ಮ ಮೇಜಿನ ಮುಂದೆ ಡಯಟ್ ಮಾಡಿ ಗೆದ್ದೆ ಎಂದು ರುಜುವಾತು ಮಾಡಬೇಕು. ಒಬ್ಬ ಮನುಷ್ಯನನ್ನು ಹೀಗೆ ಎರಡೂ ಕಡೆಯಿಂದ ಹಿಡಿಯುವುದು ಅನ್ಯಾಯ. ಲಿವರ್ ಇಳಿದಿಲ್ಲ ಎನ್ನುವುದು ಆಪರೇಷನ್ ಒಂದು ವಾರ ಮುಂದೆ ಹಾಕಲು ಕಾರಣವಾಗಬಹುದು, ಟಿಕೆಟ್ಟು ಸಿಗದ ಬಸ್ಸಿನ ಹಾಗೆ. ಆ ಮನುಷ್ಯ ಇದಕ್ಕೆ ಯೋಗ್ಯನಲ್ಲ ಎನ್ನಲು ಕಾರಣವಾಗದು.

ಭಯದ ಬದಲು ಕಾರಣ ಹೇಳಿದರೆ ಸಾಕೇ ಎಂದರೆ, ಅಷ್ಟೇ ಸಾಲದು, ಅಡುಗೆಮನೆಯನ್ನೂ ನೋಡಬೇಕು. ಪಥ್ಯದಲ್ಲಿರುವವಳೇ ಮನೆಮಂದಿಗೆಲ್ಲ ಅಡುಗೆ ಮಾಡುವವಳಾದರೆ ಸಾಸಿವೆ ಇಂಗಿನ ಒಗ್ಗರಣೆ ಅವಳ ಮೂಗಿನ ಕೆಳಗೇ ಸಿಡಿಯಬೇಕು. ಸಾರಿಗೆ ಉಪ್ಪು ಹಿಡಿದಿದೆಯೇ ಎಂದು ಅಂಗೈಗೆ ಬಿಟ್ಟು ನೆಕ್ಕಬೇಕು, ಮಗು ಬಿಟ್ಟ ಅರ್ಧ ದೋಸೆಯನ್ನು ಎತ್ತಿಡಬೇಕು. ಮೂರನೇ ನಾಲ್ಕನೇ ದಿನದಿಂದ ಕೀಟೋನ್ ಏರಿ ಹಸಿವು ತುಸು ತಗ್ಗುತ್ತದೆ ನಿಜ, ಆದರೆ ಆ ಮೊದಲ ಮೂರು ದಿನ ಅವಳನ್ನು ಒಲೆಯ ಮುಂದೆ ನಿಲ್ಲಿಸಿ ಮನೋಬಲದ ಬಗ್ಗೆ ಉಪದೇಶ ಮಾಡುವುದು ಕ್ರೂರ. ಆ ಮೂರು ದಿನ ಅಡುಗೆ ಇನ್ನೊಬ್ಬರು ಮಾಡಲಿ ಎಂದು ಗಂಡನಿಗೆ, ಅತ್ತೆಗೆ ಹೇಳುವುದು ಪ್ರೋಟೀನ್ ಪುಡಿಯಷ್ಟೇ ಅಗತ್ಯವಾದ ಸೂಚನೆ. ನೀರು ದಿನಕ್ಕೆ ಎರಡು ಲೀಟರಿಗೆ ಕಡಿಮೆಯಾಗಬಾರದು, ಸಾರಿಗೆ ಉಪ್ಪು ಇರಲಿ, ಮಲಬದ್ಧತೆ ಬಂದರೆ ಸುಮ್ಮನಿರದೆ ಕೇಳಿ, ತಲೆ ಸುತ್ತಿದರೆ ಕಾಯದೆ ಫೋನ್ ಮಾಡಿ ಎಂಬ ಮಾತುಗಳೂ ಅದೇ ಸಾಲಿಗೆ ಸೇರಿದವು. ಇದು ಒಂದೆರಡು ಮನೆಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕ ಹೆಂಗಸರು ಗಂಡಸರಿಬ್ಬರಲ್ಲೂ ನೂರಕ್ಕೆ ಸುಮಾರು ಮೂವತ್ತು ಮಂದಿ ಅಧಿಕ ತೂಕದವರು. ಎಲ್ಲರಿಗೂ ಆಪರೇಷನ್ ಬೇಕಿಲ್ಲ, ಬೇಕಾದವರು ಅದರಲ್ಲಿ ಕೆಲವರೇ. ಆದರೆ ತೂಕದ ಬಗ್ಗೆ ಮನೆಯಲ್ಲಿ ಆಡುವ ಮಾತು ಇಷ್ಟು ಜನರ ಕಿವಿಗೆ ಬೀಳುತ್ತದೆ.

ಈಗ ನಾನು ಬರೆಯುವ ಚೀಟಿಯ ಮೊದಲ ಸಾಲಿನಲ್ಲಿ ಲಿವರಿನ ಚಿತ್ರವಿದೆ, ಎಡ ಹಾಲೆ ಜಠರದ ಮೂಲೆಯನ್ನು ಮುಚ್ಚಿಕೊಂಡ ಹಾಗೆ. ಅದರ ಕೆಳಗೆ ಮಾತ್ರೆಗಳ ಪಟ್ಟಿ, ಯಾವುದನ್ನು ಯಾವ ದಿನ ನಿಲ್ಲಿಸಬೇಕು, ಯಾವುದನ್ನು ಅರ್ಧ ಮಾಡಬೇಕು ಎಂದು. ಅದರ ಕೆಳಗೆ ಲೋಟಗಳ ಲೆಕ್ಕ. ದಪ್ಪಕ್ಷರದ ಸಾಲು ಈಗಲೂ ಒಂದಿದೆ: ಚೀಟಿಯಲ್ಲಿಲ್ಲದ್ದು ತಿಂದಿದ್ದರೆ ಹೇಳಿ, ಆಪರೇಷನ್ ಅದಕ್ಕಾಗಿ ರದ್ದಾಗುವುದಿಲ್ಲ. ಕೊನೆಯ ದಿನಕ್ಕೆ ಪ್ರತ್ಯೇಕ ಸೂಚನೆ: ಹಾಲು ಪುಡಿಯ ಲೋಟ ಆಪರೇಷನ್‌ಗೆ ಆರು ಗಂಟೆ ಮೊದಲೇ ಮುಗಿಯಬೇಕು, ತಿಳಿನೀರು ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು, ಅರಿವಳಿಕೆಯವರು ಬೇರೆ ಹೇಳಿದರೆ ಅವರ ಮಾತೇ ಮಾತು. ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ ನರ್ಸ್ ಕೊನೆಯ ಸಲ ಏನು ಕುಡಿದಿರಿ, ಎಷ್ಟು ಗಂಟೆಗೆ ಎಂದು ಕೇಳುತ್ತಾರೆ, ಹೇಳಿದ್ದನ್ನು ಫೈಲಿನಲ್ಲಿ ಬರೆದುಕೊಳ್ಳುತ್ತಾರೆ. ಒಳಗೆ ಹೊಟ್ಟೆಗೆ ಅನಿಲ ತುಂಬಿ, ಕ್ಯಾಮೆರಾ ಇಳಿಸಿ, ಎದೆಮೂಳೆಯ ಕೆಳಗಿನ ಸಣ್ಣ ತೂತಿನಿಂದ ಆ ಬಗ್ಗಿದ ಸರಳನ್ನು ಲಿವರಿನ ಅಡಿಗೆ ಸೇರಿಸಿ ಮೇಲಕ್ಕೆತ್ತುತ್ತಾರೆ. ಎಡ ಹಾಲೆ ಏಳುತ್ತದೆ, ಪರದೆಯ ಮೇಲೆ ಅನ್ನನಾಳ ಜಠರವನ್ನು ಸೇರುವ ಮೂಲೆ ಕಾಣುತ್ತದೆ.